ಗೋಡೆಯ ಸಾಕೆಟ್ ಫೋನಿನದೋ, ನೆಟ್ಟಿನದೋ? ಪತ್ತೆ ಹಚ್ಚುವುದು ಹೀಗೆ

ಪ್ರಶ್ನೆ: ಬೆಂಗಳೂರಿನಲ್ಲಿ 2009ರ ಸುಮಾರಿಗೆ ಕಟ್ಟಿದ ಅಪಾರ್ಟ್‌ಮೆಂಟಿನಲ್ಲಿ ಒಂದು ಹಳೇ ಫ್ಲ್ಯಾಟ್ ಕೊಂಡಿದ್ದೇವೆ. ಹಾಲ್, ಬೆಡ್‌ರೂಮ್, ಅಡುಗೆಮನೆ ಎಲ್ಲ ಸೇರಿ ಏಳು ಕಡೆ ಗೋಡೆಯಲ್ಲಿ ಫೋನ್ ಥರದ ಸಾಕೆಟ್ ಇವೆ. ಕೆಲವು ಚಿಕ್ಕವು, ಕೆಲವು ಸ್ವಲ್ಪ ಅಗಲ. ಯಾವುದು ಏನು ಅಂತ ಹಿಂದಿನ ಮಾಲೀಕರಿಗೂ ಗೊತ್ತಿಲ್ಲ. ಫೈಬರ್ ಬಂದಿರುವುದು ಬಾಗಿಲ ಹತ್ತಿರ, ನಾನು ಕೆಲಸ ಮಾಡುವುದು ಹಿಂದಿನ ರೂಮಿನಲ್ಲಿ, ಅಲ್ಲಿಗೆ ವೈ-ಫೈ ಸರಿಯಾಗಿ ಬರುವುದಿಲ್ಲ. ಯಾವುದು ನೆಟ್‌ವರ್ಕ್, ಯಾವುದು ಫೋನ್ ಎಂದು ತಿಳಿಯುವುದು ಹೇಗೆ? ಒಂದೊಂದಕ್ಕೂ ಲ್ಯಾಪ್‌ಟಾಪ್ ಚುಚ್ಚಿ ನೋಡಿದರೆ ಆಗುತ್ತಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಲ್ಯಾಪ್‌ಟಾಪ್ ಚುಚ್ಚಬೇಡಿ, ಈಗಲೇ ಅಂತೂ ಬೇಡ. ಅಗಲದ ಸಾಕೆಟ್ ಕಂಡ ತಕ್ಷಣ ಅದು ನೆಟ್‌ವರ್ಕ್ ಎಂದು ನಂಬುವ ಹಾಗಿಲ್ಲ. ಅದರ ಹಿಂದೆ ಜೀವಂತ ಫೋನ್ ಲೈನ್ ಇದ್ದರೆ ಸುಮ್ಮನಿರುವಾಗಲೇ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ, ಗಂಟೆ ಬಾರಿಸುವಾಗ ಅದರ ಮೇಲೆ 70ರಿಂದ 90 ವೋಲ್ಟ್ ಎಸಿ ಕೂಡ ಬರುತ್ತದೆ. ಲ್ಯಾಪ್‌ಟಾಪ್ ಬದುಕಿ ಉಳಿಯುವ ಸಾಧ್ಯತೆಯೇ ಜಾಸ್ತಿ, ಆದರೆ ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ಜೂಜು ಯಾಕೆ?

ಇಲ್ಲಿ ಒಂದು ಮಾತು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದು ಸುಲಭ. ಗೋಡೆಯ ಮೇಲಿನ ತೂತು ಏನನ್ನೂ ಹೇಳುವುದಿಲ್ಲ. ಅದರ ಹಿಂದಿನ ವೈರ್ ಯಾವುದು, ಆ ವೈರಿನ ಇನ್ನೊಂದು ತುದಿ ಎಲ್ಲಿದೆ, ಈ ಎರಡೇ ವಿಷಯ ಮುಖ್ಯ. ಬಿಲ್ಡರ್ ಕಡೆಯ ಎಲೆಕ್ಟ್ರಿಷಿಯನ್ ಆ ದಿನ ಕೈಗೆ ಸಿಕ್ಕಿದ ಸಾಕೆಟ್ ಹಾಕಿ ಹೋಗಿರುತ್ತಾನೆ. ಚಿಕ್ಕ ಫೋನ್ ಸಾಕೆಟ್ಟಿನ ಹಿಂದೆ ಒಳ್ಳೆಯ ನೆಟ್‌ವರ್ಕ್ ಕೇಬಲ್ ಮಡಚಿಕೊಂಡು ಕೂತಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅಗಲದ ಸಾಕೆಟ್ಟಿನ ಹಿಂದೆ ಏನೂ ಇಲ್ಲದೆ ಬರೀ ಗೂಡು ಮಾತ್ರ ಇದ್ದದ್ದನ್ನೂ ನೋಡಿದ್ದೇನೆ.

ಆದರೂ ಮೊದಲು ಮುಖ ನೋಡೋಣ, ಅದಕ್ಕೆ ಖರ್ಚಿಲ್ಲ. ಮೊಬೈಲಿನ ಟಾರ್ಚ್ ಹಾಕಿ ಸಾಕೆಟ್ಟಿನ ಒಳಗಿನ ಚಿನ್ನದ ಬಣ್ಣದ ಪಿನ್ ಎಣಿಸಿ. ಎರಡೋ ನಾಲ್ಕೋ ಇದ್ದರೆ ಅದು ಆರ್‌ಜೆ11, ಅಂದರೆ ಫೋನಿನ ಸಾಕೆಟ್. ಎಂಟು ಇದ್ದರೆ ಆರ್‌ಜೆ45, ನೆಟ್‌ವರ್ಕಿನದು. ಮೇಲೆ ಪುಟ್ಟ ಶಟರ್ ಇದ್ದರೆ ಬೆರಳಲ್ಲಿ ಸರಿಸಿ ನೋಡಿ. ಒಂದು ಗೊಂದಲ ಯಾವಾಗಲೂ ಆಗುತ್ತದೆ. ಫೋನಿನ ಚಿಕ್ಕ ಪ್ಲಗ್ ಅಗಲದ ಸಾಕೆಟ್ಟಿಗೂ ಹೋಗಿ ಕೂರುತ್ತದೆ, ನಡುವಿನ 4 ಮತ್ತು 5ನೇ ಪಿನ್‌ಗೆ ಸರಿಯಾಗಿ ತಾಗಿ ಫೋನ್ ಕೆಲಸವನ್ನೂ ಮಾಡುತ್ತದೆ. ಆದರೆ ಆ ಪ್ಲಗ್ಗಿನ ಪ್ಲಾಸ್ಟಿಕ್ ಅಂಚು ಎರಡು ಕಡೆಯ ಕೊನೆಯ ಪಿನ್‌ಗಳನ್ನು, ಅಂದರೆ 1 ಮತ್ತು 8ನ್ನು, ಒಳಗೆ ಒತ್ತಿ ಬಗ್ಗಿಸಿಬಿಡುತ್ತದೆ. ಹಿಂದಿನ ಮಾಲೀಕರು ವರ್ಷಗಟ್ಟಲೆ ಹಾಗೆ ಫೋನ್ ಹಾಕಿಟ್ಟಿದ್ದರೆ ಆ ಸಾಕೆಟ್ ನೆಟ್‌ವರ್ಕ್ ಕೆಲಸಕ್ಕೆ ಕೈಕೊಡುತ್ತದೆ. ಪಿನ್‌ಗಳು ಒಂದೇ ಸಾಲಿನಲ್ಲಿ ಇವೆಯಾ ಅಂತ ಎಣಿಸುವಾಗಲೇ ನೋಡಿಬಿಡಿ.

ಈಗ ಪ್ಲೇಟ್ ಬಿಚ್ಚಬೇಕು. ಅದಕ್ಕೂ ಮುಂಚೆ ಮೇನ್ ಎಂಸಿಬಿ ಕೆಳಗೆ ಹಾಕಿ, ಇದರಲ್ಲಿ ಸೋಮಾರಿತನ ಬೇಡ. ನಮ್ಮಲ್ಲಿ ಒಂದೇ ಬಾಕ್ಸಿನಲ್ಲಿ ಕರೆಂಟಿನ ವೈರ್, ಫೋನಿನ ವೈರ್, ಟಿವಿ ಕೇಬಲ್ ಎಲ್ಲವನ್ನೂ ತುರುಕಿರುತ್ತಾರೆ. ಹಾಗೆ ಮಾಡಬಾರದು, ಆದರೆ ಮಾಡಿರುತ್ತಾರೆ. ಇನ್ನೊಂದು ವಿಷಯ, ಅಂಗಡಿಯಲ್ಲಿ 'ಟೆಸ್ಟರ್ ಕೊಡಿ' ಎಂದರೆ ಕೊಡುವುದು ದೀಪ ಹತ್ತುವ ಸ್ಕ್ರೂ ಡ್ರೈವರ್. ಅದನ್ನು ಫೋನ್ ವೈರಿಗೆ ಮುಟ್ಟಿಸಿ 'ದೀಪ ಬರಲಿಲ್ಲ, ಲೈನ್ ಸತ್ತಿದೆ' ಎಂದು ತೀರ್ಮಾನ ಮಾಡಬೇಡಿ. ಆ ನಿಯಾನ್ ದೀಪ ಹತ್ತುವುದಕ್ಕೆ 48 ವೋಲ್ಟ್ ಸಾಲುವುದೇ ಇಲ್ಲ. ಅದು 230 ವೋಲ್ಟಿಗೆ ಮಾಡಿದ ಸಾಮಾನು.

ಪ್ಲೇಟ್ ಹೊರಗೆ ಎಳೆದ ಮೇಲೆ ಹಿಂದಿನ ಕೇಬಲ್ ನೋಡಿ. ದಪ್ಪ, ದುಂಡನೆಯ ಹೊದಿಕೆ, ಒಳಗೆ ಎಂಟು ವೈರ್, ಎರಡೆರಡಾಗಿ ದೀಪದ ಬತ್ತಿ ಹೊಸೆದ ಹಾಗೆ ಬಿಗಿಯಾಗಿ ಹೊಸೆದಿದ್ದರೆ ಅದು ನೆಟ್‌ವರ್ಕ್ ಕೇಬಲ್. ಬಣ್ಣ ನೀಲಿ, ಕಿತ್ತಳೆ, ಹಸಿರು, ಕಂದು, ಪ್ರತಿಯೊಂದಕ್ಕೂ ಜೊತೆಯಾಗಿ ಬಿಳಿ ಪಟ್ಟೆಯ ಇನ್ನೊಂದು. ಹೊದಿಕೆಯ ಮೇಲೆ ಕ್ಯಾಟ್ 5ಇ, ಕ್ಯಾಟ್ 6 ಎಂದು ಅದರ ದರ್ಜೆ ಅಚ್ಚಾಗಿರುತ್ತದೆ. ಎರಡೋ ನಾಲ್ಕೋ ವೈರ್ ಮಾತ್ರ ಇದ್ದು, ಹೊಸೆದದ್ದು ಸಡಿಲವಾಗಿದ್ದರೆ ಅಥವಾ ಹೊಸೆದೇ ಇಲ್ಲದಿದ್ದರೆ ಅದು ಫೋನ್ ವೈರ್. ಅದರಲ್ಲಿ ನೆಟ್ ಓಡಿಸುವ ಆಸೆ ಬಿಡಿ.

ಹೊದಿಕೆಯ ಮೇಲಿನ ಅಚ್ಚಿನಲ್ಲಿ ಹೆಚ್ಚಿನವರು ನೋಡದೆ ಬಿಡುವ ಒಂದು ಸಂಗತಿ ಇದೆ. ಒಳ್ಳೆಯ ಕೇಬಲ್ಲುಗಳಲ್ಲಿ ಮೀಟರಿಗೊಂದು ಸಂಖ್ಯೆ ಹಾಕಿರುತ್ತಾರೆ, 305 ಮೀಟರಿನ ಡಬ್ಬದಲ್ಲಿ ಎಷ್ಟು ಉಳಿದಿದೆ ಅಂತ ಕೆಲಸದವರಿಗೆ ತಿಳಿಯಲಿ ಎಂದು. ರೂಮಿನ ತುದಿಯಲ್ಲಿ 142 ಎಂದಿದ್ದು, ಬಾಗಿಲ ಹತ್ತಿರದ ಬಾಕ್ಸಿನಲ್ಲಿ ಒಂದು ಕೇಬಲ್ ಮೇಲೆ 160 ಎಂದಿದ್ದರೆ ಎರಡೂ ಒಂದೇ ಕೇಬಲ್ಲಿನ ತುದಿಗಳಿರಬಹುದು, ಉದ್ದ 18 ಮೀಟರ್. ಖಚಿತವಲ್ಲ, ಆದರೆ ಊಹೆಗೆ ಒಳ್ಳೆಯ ಆಧಾರ. ಕೆಲವದರಲ್ಲಿ ಮೀಟರ್ ಬದಲು ಅಡಿ ಲೆಕ್ಕ ಇರುತ್ತದೆ, ಅಷ್ಟು ಗಮನಿಸಿ.

ಆ 'ಬಾಗಿಲ ಹತ್ತಿರದ ಬಾಕ್ಸ್' ಹುಡುಕುವುದೇ ಅರ್ಧ ಕೆಲಸ. ಎಂಸಿಬಿ ಇರುವ ಡಿಬಿಯ ಪಕ್ಕದಲ್ಲೋ ಕೆಳಗೋ ಇನ್ನೊಂದು ಮುಚ್ಚಳ ಇರುತ್ತದೆ. ಬಾಗಿಲ ಹಿಂದೆ, ಚಪ್ಪಲಿ ಗೂಡಿನ ಒಳಗೆ, ಅಟ್ಟದ ಮೇಲೆ ಕೂಡ ಇರಬಹುದು. ಇಂಟೀರಿಯರ್ ಮಾಡಿಸುವಾಗ ಅದರ ಮೇಲೆಯೇ ವಾರ್ಡ್‌ರೋಬ್ ಕೂರಿಸಿಬಿಟ್ಟ ಮನೆಗಳೂ ಉಂಟು! ನಿಮ್ಮ ಫೈಬರ್ ಬಂದ ತೂತಿನ ಅಕ್ಕಪಕ್ಕ ಮೊದಲು ನೋಡಿ, ಯಾಕೆಂದರೆ ಅದನ್ನು ತಂದವರು ಹಳೆಯ ಫೋನ್ ಪೈಪಿನಲ್ಲೇ ತಂದಿರುವ ಸಂಭವ ಜಾಸ್ತಿ. ಮುಚ್ಚಳ ತೆಗೆದಾಗ ನಾಲ್ಕೈದು ಕೇಬಲ್ ತಲೆ ಹೊರಗೆ ಹಾಕಿಕೊಂಡು ಜೋತು ಬಿದ್ದಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ.

ಈಗ ಮಲ್ಟಿಮೀಟರ್. ಕೆಲವು ನೂರು ರೂಪಾಯಿಯದ್ದೇ ಸಾಕು. ಅದರ ಕಡ್ಡಿ ಸಾಕೆಟ್ಟಿನ ಒಳಗೆ ಹೋಗುವುದಿಲ್ಲ, ಹೋದರೂ ಎರಡು ಪಿನ್ ಒಟ್ಟಿಗೆ ತಾಗುತ್ತದೆ. ಅದಕ್ಕೆ ಹಳೇ ನೆಟ್‌ವರ್ಕ್ ಕೇಬಲ್ ಒಂದನ್ನು ಮಧ್ಯಕ್ಕೆ ಕತ್ತರಿಸಿ, ವೈರುಗಳ ತುದಿ ಸುಲಿದು, ಬೇರೆ ಬೇರೆಯಾಗಿ ಹರಡಿಟ್ಟುಕೊಳ್ಳಿ. ಪ್ಲಗ್ ಸಾಕೆಟ್ಟಿಗೆ, ಮೀಟರಿನ ಕಡ್ಡಿ ವೈರಿಗೆ. ಚಿಕ್ಕ ಸಾಕೆಟ್ಟಿಗೆ ಇದು ಹೋಗುವುದಿಲ್ಲ. ಅಲ್ಲಿ ಹೇಗೂ ಪ್ಲೇಟ್ ಬಿಚ್ಚಿದ್ದೀರಿ, ಹಿಂದಿನ ಸ್ಕ್ರೂ ಮೇಲೆಯೇ ನೇರವಾಗಿ ಇಡಿ.

ಮೀಟರನ್ನು ಮೊದಲು ಎಸಿಯ ದೊಡ್ಡ ರೇಂಜಿಗೆ ಇಡಿ. ಮೇನ್ ಆಫ್ ಮಾಡಿದ್ದೀರಿ, ನಿಜ, ಆದರೆ ಯುಪಿಎಸ್ ಲೈನ್ ಬೇರೆ ಇರಬಹುದು. ಅಲ್ಲಿ ಏನೂ ಇಲ್ಲ ಎಂದಾದರೆ ಡಿಸಿ 200ಕ್ಕೆ ತಿರುಗಿಸಿ, ನಡುವಿನ ಎರಡು ಪಿನ್, ಅಂದರೆ ನೀಲಿ ಜೋಡಿಯ ನಡುವೆ ಅಳೆಯಿರಿ. 45ರಿಂದ 54ರ ಒಳಗೆ ಬಂದರೆ ಅದು ಬಹುತೇಕ ಜೀವಂತ ಫೋನ್ ಲೈನ್. ಮೈನಸ್ ಚಿಹ್ನೆ ಬಂದರೆ ಗಾಬರಿಯಾಗಬೇಡಿ, ಕಡ್ಡಿ ಅದಲು ಬದಲಾಗಿದೆ ಅಷ್ಟೇ. (ಎಕ್ಸ್‌ಚೇಂಜಿನವರು ಬ್ಯಾಟರಿಯ ಪ್ಲಸ್ ತುದಿಯನ್ನು ಭೂಮಿಗೆ ಕೊಟ್ಟು ಲೈನನ್ನು ಬೇಕೆಂದೇ ಮೈನಸ್‌ನಲ್ಲಿ ಇಡುತ್ತಾರೆ. ನೆಲದೊಳಗಿನ ತಾಮ್ರ ತೇವಕ್ಕೆ ಕೊರೆದುಹೋಗುವುದು ಅದರಿಂದ ಕಡಿಮೆಯಾಗುತ್ತದೆ.) ಫೋನ್ ಎತ್ತಿಟ್ಟಾಗ ಇದೇ ವೋಲ್ಟೇಜ್ ಹತ್ತರ ಆಸುಪಾಸಿಗೆ ಇಳಿಯುತ್ತದೆ.

20, 30 ವೋಲ್ಟ್ ಬಂದರೆ? ನಿಮ್ಮದು ಅಪಾರ್ಟ್‌ಮೆಂಟ್, ಹಾಗಾಗಿ ಅದು ಗೇಟಿನ ಸೆಕ್ಯೂರಿಟಿ ಜೊತೆ ಮಾತಾಡುವ ಇಂಟರ್‌ಕಾಮ್ ಇರಬೇಕು. ಇಂಟರ್‌ಕಾಮ್ ಯಂತ್ರಗಳು ಎಕ್ಸ್‌ಚೇಂಜಿಗಿಂತ ಕಡಿಮೆ ವೋಲ್ಟೇಜ್ ಕೊಡುವುದುಂಟು, ಕೆಲವು 48 ಕೂಡ ಕೊಡುತ್ತವೆ. ಖಚಿತ ಮಾಡಿಕೊಳ್ಳಲು ಒಂದು ಹಳೇ ಫೋನ್ ತಂದು ಹಾಕಿ, ಎತ್ತಿ ಕೇಳಿ. 'ಗುಂಯ್' ಎಂಬ ಶಬ್ದ ಬಂದ ಮೇಲೆ ಪಕ್ಕದ ಫ್ಲ್ಯಾಟಿನ ನಂಬರ್ ಒತ್ತಿ. ಅವರ ಮನೆಯಲ್ಲಿ ರಿಂಗ್ ಆದರೆ ಇಂಟರ್‌ಕಾಮ್. ಮನೆಯಲ್ಲಿ ಹಳೇ ಫೋನ್ ಇಲ್ಲದಿದ್ದರೆ ಅಜ್ಜಿ ಮನೆಯಲ್ಲಿ ಖಂಡಿತ ಒಂದು ಇರುತ್ತದೆ.

ನೀಲಿ ಜೋಡಿಯಲ್ಲಿ ಸೊನ್ನೆ ಬಂದರೂ ಇನ್ನೊಂದು ಅಳತೆ ಬಾಕಿ ಇದೆ. 4ನೇ ಪಿನ್ನಿಗೂ (ನೀಲಿ ವೈರ್) 7ನೇ ಪಿನ್ನಿಗೂ (ಬಿಳಿ-ಕಂದು ವೈರ್) ನಡುವೆ ನೋಡಿ. ಅಲ್ಲಿ 24 ಅಥವಾ 48 ಸಿಕ್ಕರೆ ಯಾರೋ ಕ್ಯಾಮೆರಾಕ್ಕೋ ವೈ-ಫೈ ಡಬ್ಬಿಗೋ ಇದೇ ಕೇಬಲ್ಲಿನಲ್ಲಿ ಕರೆಂಟ್ ಕಳಿಸುತ್ತಿದ್ದಾರೆ, ಅದಕ್ಕೆ ಪಿಒಇ ಅನ್ನುತ್ತಾರೆ. ವ್ಯತ್ಯಾಸ ಇಷ್ಟೇ, ಫೋನಿನ ವೋಲ್ಟೇಜ್ ಒಂದೇ ಜೋಡಿಯ ಎರಡು ವೈರುಗಳ ನಡುವೆ ಇರುತ್ತದೆ, ಪಿಒಇಯದ್ದು ಒಂದು ಜೋಡಿಗೂ ಇನ್ನೊಂದು ಜೋಡಿಗೂ ನಡುವೆ. ಸ್ಟ್ಯಾಂಡರ್ಡ್ ಪಿಒಇ ಆದರೆ ಎದುರು ಸರಿಯಾದ ಉಪಕರಣ ಇದೆಯಾ ಎಂದು ವಿಚಾರಿಸಿಕೊಂಡ ಮೇಲೆಯೇ ಕರೆಂಟ್ ಬಿಡುತ್ತದೆ, ಅದರಿಂದ ಭಯವಿಲ್ಲ. ಅಗ್ಗದ 'ಪ್ಯಾಸಿವ್' ಥರದ್ದು ಏನನ್ನೂ ವಿಚಾರಿಸದೆ ಸುರಿಯುತ್ತಲೇ ಇರುತ್ತದೆ. ಲ್ಯಾಪ್‌ಟಾಪಿಗೆ ಅಪಾಯ ಇರುವುದು ಅದರಿಂದ.

ಏಳೂ ಸಾಕೆಟ್ ಅಳೆದು, ಎಲ್ಲಿಯೂ ವೋಲ್ಟೇಜ್ ಇಲ್ಲ ಎಂದವನ್ನು ಬೇರೆ ಗುರುತು ಮಾಡಿ. ಇನ್ನು ಯಾವ ಸಾಕೆಟ್ಟಿನ ತುದಿ ಬಾಕ್ಸಿನಲ್ಲಿ ಯಾವುದು ಎಂಬ ಹುಡುಕಾಟ. ಇದಕ್ಕೆ ಜನ ಇಬ್ಬರು ಬೇಕು, ಒಬ್ಬರು ರೂಮಿನಿಂದ ಕೂಗಬೇಕು ಎಂದೆಲ್ಲ ಅಂದುಕೊಳ್ಳುತ್ತಾರೆ. ಒಬ್ಬರೇ ಮಾಡಬಹುದು, ಟಿವಿ ರಿಮೋಟಿನ ಸೆಲ್ ಸಾಕು. ಹಿಂದಿನ ರೂಮಿನ ಸಾಕೆಟ್ಟಿನಲ್ಲಿ ನೀಲಿ ಜೋಡಿಗೆ ಒಂದು 1.5 ವೋಲ್ಟಿನ ಸೆಲ್ ಟೇಪ್ ಹಾಕಿ ಅಂಟಿಸಿ. ಇನ್ನೊಂದು ರೂಮಿನಲ್ಲಿ ಎರಡು ಸೆಲ್ ಜೋಡಿಸಿ 3 ವೋಲ್ಟ್. ಮೂರನೆಯದಕ್ಕೆ 9 ವೋಲ್ಟಿನ ಚೌಕ ಬ್ಯಾಟರಿ. ಈಗ ಬಾಗಿಲ ಹತ್ತಿರ ಬಂದು ಪ್ರತಿ ಕೇಬಲ್ಲಿನ ನೀಲಿ ಜೋಡಿ ಅಳೆಯುತ್ತ ಹೋಗಿ. 1.5 ತೋರಿಸಿದ್ದು ಹಿಂದಿನ ರೂಮು, 3 ತೋರಿಸಿದ್ದು ಇನ್ನೊಂದು, 9 ಮತ್ತೊಂದು. ಒಂದೇ ಸುತ್ತಿಗೆ ಮೂರು ರೂಮು ಮುಗಿಯಿತು.

ಆದರೆ ಎರಡನೇ ಬ್ಯಾಟರಿ ಹಾಕುವ ಮೊದಲು ಆ ಸಾಕೆಟ್ಟನ್ನು ಒಮ್ಮೆ ಅಳೆಯಲೇಬೇಕು. ಅಲ್ಲಿ ಆಗಲೇ 1.5 ವೋಲ್ಟ್ ಕಾಣಿಸಿತೋ, ಬ್ಯಾಟರಿ ಹಾಕಬೇಡಿ, ಎರಡು ಬ್ಯಾಟರಿ ಒಂದಕ್ಕೊಂದು ಗುದ್ದಾಡುತ್ತವೆ. ಆ ಎರಡು ಸಾಕೆಟ್ ಒಂದೇ ವೈರಿನ ಮೇಲಿವೆ ಎಂಬುದು ನಿಮಗೆ ಗೊತ್ತಾಯಿತು, ಅದು ಬಹಳ ಮುಖ್ಯವಾದ ಸುದ್ದಿ. ಫೋನಿನ ವೈರಿಂಗನ್ನು ಹಾರ ಪೋಣಿಸಿದ ಹಾಗೆ ಒಂದು ಸಾಕೆಟ್ಟಿನಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗುತ್ತಾರೆ, ಫೋನಿಗೆ ಅದು ಸರಿಯೇ, ಹಾಲಿನಲ್ಲಿ ರಿಂಗಾದರೆ ಬೆಡ್‌ರೂಮಿನಲ್ಲೂ ಆಗಬೇಕಲ್ಲ. ನೆಟ್‌ವರ್ಕಿಗೆ ಹಾಗಲ್ಲ, ಪ್ರತಿ ಸಾಕೆಟ್ಟಿನಿಂದ ಬಾಕ್ಸಿಗೆ ಬೇರೆಯದೇ ಕೇಬಲ್ ಬರಬೇಕು. ಕೇಬಲ್ ಕ್ಯಾಟ್ 5ಇ ಆಗಿದ್ದರೂ ಹಾರದ ಥರ ಪೋಣಿಸಿದ್ದರೆ ಹಾಗೇ ನಡೆಯುವುದಿಲ್ಲ. ನಡುವಿನ ಸಾಕೆಟ್ಟಿನಲ್ಲಿ ಕೇಬಲ್ ಬೇರ್ಪಡಿಸಿ ಒಂದು ಪುಟ್ಟ ನೆಟ್‌ವರ್ಕ್ ಸ್ವಿಚ್ (ಒಂದು ಕೇಬಲ್ಲಿನ ನೆಟ್ಟನ್ನು ಹಲವು ಕೇಬಲ್ಲಿಗೆ ಹಂಚುವ ಡಬ್ಬಿ) ಇಡಬೇಕು, ಅಥವಾ ಆ ಸಾಕೆಟ್ಟನ್ನೇ ಬಿಟ್ಟುಕೊಟ್ಟು ಎರಡು ತುದಿ ಸೇರಿಸಬೇಕು.

ಸೆಲ್ ಉಪಾಯಕ್ಕೆ ವೈರ್ ಬಾಕ್ಸಿನವರೆಗೂ ಬಂದಿರಬೇಕು. ಬಾಕ್ಸೇ ಸಿಗದಿದ್ದರೆ, ಅಥವಾ ವೈರ್ ನಡುವೆ ಎಲ್ಲೋ ಮಾಯವಾಗಿದ್ದರೆ, ಆಗ ವೈರ್ ಟ್ರ್ಯಾಕರ್ ಬೇಕು. ಒಂದು ಡಬ್ಬಿ ವೈರಿಗೆ ಕುಯ್ಯೋ ಎನ್ನುವ ಸಿಗ್ನಲ್ ಕಳಿಸುತ್ತದೆ, ಇನ್ನೊಂದು ಕಡ್ಡಿಯನ್ನು ಗೋಡೆಯ ಮೇಲೋ ವೈರಿನ ಗೊಂಚಲಿನ ಹತ್ತಿರವೋ ತಂದರೆ ಅದೇ ಸದ್ದು ಕೇಳಿಸುತ್ತದೆ. ಇದರಲ್ಲಿ ಎಲ್ಲರೂ ಮಾಡುವ ತಪ್ಪು, ಎರಡು ಕ್ಲಿಪ್ಪನ್ನೂ ಒಂದೇ ಜೋಡಿಗೆ ಹಾಕುವುದು. ಹೊಸೆದ ಜೋಡಿಯ ಗುಣವೇ ಸದ್ದನ್ನು ಹೊರಗೆ ಬಿಡದಿರುವುದು, ಹಾಗಾಗಿ ಏನೂ ಕೇಳಿಸುವುದಿಲ್ಲ, ಸುಮ್ನೆ ಟ್ರ್ಯಾಕರ್ ಕೆಟ್ಟಿದೆ ಅಂತ ವಾಪಸ್ ಕಳಿಸುತ್ತಾರೆ. ಒಂದು ಕ್ಲಿಪ್ ನೀಲಿಗೆ, ಇನ್ನೊಂದು ಕಂದಿಗೆ ಹಾಕಿ. ಪಕ್ಕದ ಕೇಬಲ್ಲುಗಳಲ್ಲೂ ಸ್ವಲ್ಪ ಸದ್ದು ಬರುತ್ತದೆ. ಜೋರಾಗಿ ಕೇಳಿಸಿದ ಕೇಬಲ್ಲಿನ ನೀಲಿ, ಕಂದು ತುದಿಗಳನ್ನು ಒಂದಕ್ಕೊಂದು ತಾಗಿಸಿ, ಸದ್ದು ನಿಂತರೆ ಅದೇ ನಿಮ್ಮದು.

ಕೇಬಲ್ ಟೆಸ್ಟರ್ ಎಂಬ ಎರಡು ಭಾಗದ, 1ರಿಂದ 8ರವರೆಗೆ ದೀಪ ಹತ್ತುವ ಡಬ್ಬಿಯ ಪಾಳಿ ಬರುವುದು ಕೊನೆಗೆ. ಅದನ್ನೇ ಮೊದಲು ಚುಚ್ಚಲು ಹೋಗಬೇಡಿ. ನನ್ನ ಮೊದಲ ಟೆಸ್ಟರ್ ಸತ್ತಿದ್ದು ಹಾಗೇ. ಅಗಲದ ಸಾಕೆಟ್ ಕಂಡೆ, ನೆಟ್‌ವರ್ಕ್ ಅಂದುಕೊಂಡು ಚುಚ್ಚಿದೆ, ಹಿಂದೆ ಫೋನ್ ಲೈನ್ ಇತ್ತು, ಅದೇ ಹೊತ್ತಿಗೆ ಯಾರೋ ಫೋನ್ ಮಾಡಿದರು. ಒಂದು ಸಣ್ಣ ವಾಸನೆ, ಅಷ್ಟೇ. ಆ ಮನೆಯ ಯಜಮಾನರು 'ಏನೋ ಸುಟ್ಟ ವಾಸನೆ ಬರ್ತಿದೆಯಲ್ಲ' ಎಂದಾಗ ಅಡುಗೆಮನೆ ಕಡೆ ನೋಡಿದೆ!

ಟೆಸ್ಟರಿನಲ್ಲಿ ಎಂಟೂ ದೀಪ ಸಾಲಾಗಿ ಬಂದರೆ ಬಹುಮಟ್ಟಿಗೆ ಗೆದ್ದಂತೆ. 4 ಮತ್ತು 5 ಮಾತ್ರ ಬಂದರೆ ಯಾರೋ ನೆಟ್‌ವರ್ಕ್ ಕೇಬಲ್ಲಿಗೆ ಫೋನ್ ಮಾತ್ರ ಜೋಡಿಸಿದ್ದಾರೆ. 1, 2, 3, 6 ಬಂದು ಉಳಿದದ್ದು ಬರದಿದ್ದರೆ ಒಂದೇ ಕೇಬಲ್ಲಿನಲ್ಲಿ ನೆಟ್ಟನ್ನೂ ಫೋನನ್ನೂ ಹಂಚಿದ್ದಾರೆ. ಆಗಿನ ಕಾಲಕ್ಕೆ ಅದು ಜಾಣತನವೇ ಆಗಿತ್ತು, 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕಲ್ವಾ, ಉಳಿದ ಜೋಡಿಯಲ್ಲಿ ಫೋನ್ ಬಿಟ್ಟರು. ಆದರೆ ಗಿಗಾಬಿಟ್‌ಗೆ ನಾಲ್ಕು ಜೋಡಿಯೂ ಬೇಕು. ನೀವು 300 ಎಂಬಿಪಿಎಸ್ ಪ್ಲ್ಯಾನ್ ಹಾಕಿಸಿಕೊಂಡು ಕೇಬಲ್ಲಿನಲ್ಲಿ 95ಕ್ಕಿಂತ ಮೇಲೆ ಹೋಗುತ್ತಿಲ್ಲ ಎಂದರೆ ಕಾರಣ ಬಹುತೇಕ ಇದೇ, ಅಥವಾ ಯಾವುದೋ ಒಂದು ಪಿನ್ ಸರಿಯಾಗಿ ಕೂತಿಲ್ಲ.

ಫೋನ್ ಬೇಡವಾದರೆ ಎರಡೂ ತುದಿಯಲ್ಲಿ ಹೊಸ ಆರ್‌ಜೆ45 ಸಾಕೆಟ್ ಹಾಕಿ ಎಂಟೂ ವೈರ್ ಜೋಡಿಸಿ. ಅದರ ಮೇಲೆ ಎ, ಬಿ ಎಂದು ಎರಡು ಬಣ್ಣದ ಕ್ರಮ ಅಚ್ಚಾಗಿರುತ್ತದೆ. ಯಾವುದಾದರೂ ಆಗುತ್ತದೆ, ಎರಡು ಕಡೆಯೂ ಒಂದೇ ಇರಲಿ. ಬಿ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಮೂರನೆಯದಾದ ಮೇಲೆ ಹಸಿರು ಬರದೆ ನೀಲಿ ಬರುವುದು ಯಾಕೆ ಎಂದು ತಲೆ ಕೆಡಿಸಿಕೊಂಡು ಅದನ್ನು 'ಸರಿ' ಮಾಡಲು ಹೋಗಬೇಡಿ. ಹಾಗೆ ಮಾಡಿದರೂ ಟೆಸ್ಟರಿನಲ್ಲಿ ಎಂಟು ದೀಪ ಸಾಲಾಗಿಯೇ ಬರುತ್ತವೆ, ಆದರೆ ಜೋಡಿ ಒಡೆದಿರುತ್ತದೆ, ಅಂದರೆ ಜೊತೆಯಾಗಿ ಹೊಸೆದ ಎರಡು ವೈರ್ ಒಂದೇ ಸಿಗ್ನಲ್ಲಿಗೆ ಬಳಕೆಯಾಗುವುದಿಲ್ಲ, ನೆಟ್ ತಡವರಿಸುತ್ತದೆ. ಅಗ್ಗದ ಟೆಸ್ಟರಿಗೆ ಈ ತಪ್ಪು ಕಾಣಿಸುವುದೇ ಇಲ್ಲ.

ವೈರ್ ಸುಲಿದಾಗ ತುದಿಯನ್ನು ಬ್ಲೇಡಿನಿಂದ ಸ್ವಲ್ಪ ಕೆರೆದು ನೋಡಿ. ಹೊರಗೆ ಬೆಳ್ಳಗೆ ಒಳಗೆ ಕೆಂಪಗಿದ್ದರೆ ತವರ ಲೇಪಿಸಿದ ತಾಮ್ರ, ಹಳೇ ಫೋನ್ ವೈರ್ ಹೀಗಿರುತ್ತದೆ. ಹೊರಗೆ ಕೆಂಪು ಒಳಗೆ ಬೆಳ್ಳಗಿದ್ದರೆ ಮೋಸ, ಅಲ್ಯುಮಿನಿಯಂ ಮೇಲೆ ತಾಮ್ರ ಲೇಪಿಸಿದ ಕೇಬಲ್. ಮೀಟರಿನಲ್ಲೂ ಇದು ಗೊತ್ತಾಗುತ್ತದೆ. ರೂಮಿನ ತುದಿಯಲ್ಲಿ ಒಂದು ಜೋಡಿಯನ್ನು ಒಟ್ಟಿಗೆ ಸುತ್ತಿ, ಬಾಕ್ಸಿನ ತುದಿಯಲ್ಲಿ ಓಮ್ ಅಳೆಯಿರಿ, ಮೀಟರಿನ ಕಡ್ಡಿಯ ಓಮ್ ಕಳೆಯಿರಿ. 20 ಮೀಟರಿನ ಒಳ್ಳೆಯ ತಾಮ್ರಕ್ಕೆ ಮೂರೂವರೆ ಓಮಿನ ಆಸುಪಾಸು ಬರಬೇಕು. ಐದು ದಾಟಿದರೆ ಅಲ್ಯುಮಿನಿಯಂ, ಇಲ್ಲವೇ ನಡುವೆ ಎಲ್ಲೋ ಕೈಯಲ್ಲಿ ಸುತ್ತಿದ ಜಾಯಿಂಟ್. ಅಷ್ಟು ಚಿಕ್ಕ ದೂರಕ್ಕೆ ಅಲ್ಯುಮಿನಿಯಂ ಕೂಡ ಓಡುತ್ತದೆ, ಪಿಒಇ ಕ್ಯಾಮೆರಾ ಮಾತ್ರ ಅದರ ಮೇಲೆ ಹಾಕಬೇಡಿ.

ಹಿಂದಿನ ರೂಮಿನಲ್ಲಿ ಬರೀ ಎರಡು ಜೋಡಿಯ ಫೋನ್ ವೈರ್ ಸಿಕ್ಕರೆ ಬೇಜಾರಾಗಬೇಡಿ, ಪೈಪ್ ಇದೆಯಲ್ಲ. ಆ ಹಳೇ ವೈರಿನ ತುದಿಗೆ ಹೊಸ ಕ್ಯಾಟ್ 6 ಕೇಬಲ್ ಗಟ್ಟಿಯಾಗಿ ಕಟ್ಟಿ ಇನ್ನೊಂದು ಕಡೆಯಿಂದ ಎಳೆಸಿ. ಜೊತೆಗೆ ಒಂದು ನೈಲಾನ್ ದಾರವನ್ನೂ ಕಟ್ಟಿ, ಮುಂದೆ ಯಾವತ್ತಾದರೂ ಬೇಕಾಗುತ್ತದೆ. ಎಳೆಯುವಾಗ ಬರದಿದ್ದರೆ ಬಲ ಹಾಕಬೇಡಿ. ಬೆಂಡಿನಲ್ಲಿ ಸಿಮೆಂಟ್ ಹೋಗಿ ಪೈಪ್ ಕಟ್ಟಿಕೊಂಡಿದ್ದರೆ ಹಳೇ ವೈರೂ ತುಂಡಾಗಿ ದಾರಿಯೇ ಮುಚ್ಚುತ್ತದೆ.

ಮಳೆಗಾಲಕ್ಕೆ ಮುಂಚಿನ ಸಂಜೆಗಳಲ್ಲಿ ಗುಡುಗು ಮಿಂಚು ಶುರುವಾಗಿದ್ದರೆ ಈ ಕೆಲಸಕ್ಕೆ ಕೂರಬೇಡಿ, ಹೊರಗಿನಿಂದ ಬರುವ ಫೋನ್ ತಾಮ್ರ ಮಿಂಚಿನ ಹೊಡೆತವನ್ನು ಮನೆಯೊಳಗೆ ತರುತ್ತದೆ. ಇನ್ನು ಆ 20, 30 ವೋಲ್ಟಿನ ಇಂಟರ್‌ಕಾಮ್ ವೈರ್ ಸಿಕ್ಕಿದರೆ ಅದನ್ನು ಕತ್ತರಿಸುವ ಮುಂಚೆ ಅಸೋಸಿಯೇಷನ್‌ನವರನ್ನು ಕೇಳಿ. ಕೆಲವು ಕಟ್ಟಡಗಳಲ್ಲಿ ಮೇಲಿನ ಫ್ಲ್ಯಾಟಿನ ಲೈನ್ ನಿಮ್ಮ ಬಾಕ್ಸಿನ ಮೂಲಕವೇ ಹೋಗಿರುತ್ತದೆ. ನೀವು ಕತ್ತರಿಸಿದ ಮಾರನೇ ದಿನ ಮೇಲಿನ ಮನೆಯವರು ಕೆಳಗೆ ಇಳಿದು ಬರುತ್ತಾರೆ.